ಇಪ್ಪತ್ತಕ್ಕೆ ಶುರು, ಮೂವತ್ತಕ್ಕೆ ಮುಕ್ತಾಯ: ನಮ್ಮ ರೋಯಿಂಗ್ ಪಟುಗಳ ಮುಂದೆ ಈಗ ಏನಿದೆ?

2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು ಮುಂಬೈಯಲ್ಲಿ ಸಭೆ ಸೇರಿದ್ದರು. ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿತು ಅನ್ನುವ ಸುದ್ದಿಯೇ ಆಗ ಎಲ್ಲೆಲ್ಲೂ. ಅದೇ ಹೊತ್ತಿಗೆ ಇನ್ನೊಂದು ತೀರ್ಮಾನವೂ ಹೊರಬಿತ್ತು. ಹುಟ್ಟು ಹಾಕಿ ದೋಣಿ ಓಡಿಸುವ ರೋಯಿಂಗ್‌ನಲ್ಲಿ, ಕಡಿಮೆ ತೂಕದ ಜೋಡಿಗಳಿಗಿದ್ದ ಲೈಟ್‌ವೇಟ್ ಡಬಲ್ ಸ್ಕಲ್ಸ್ ಸ್ಪರ್ಧೆ 2028ಕ್ಕೆ ಇರುವುದಿಲ್ಲ, ಅದರ ಜಾಗದಲ್ಲಿ ಕಡಲ ತೀರದ ಬೀಚ್ ಸ್ಪ್ರಿಂಟ್ ಬರುತ್ತದೆ ಅಂತ. ಕ್ರಿಕೆಟ್ ಗದ್ದಲದಲ್ಲಿ ಇದನ್ನು ಕೇಳಿಸಿಕೊಂಡವರು ಕಡಿಮೆ.

ಪೆಟ್ಟು ಬಿದ್ದದ್ದು ಮಾತ್ರ ನಮಗೂ. ಅದಕ್ಕಿಂತ ಮೂರು ವಾರ ಮುಂಚೆಯಷ್ಟೇ, ಸೆಪ್ಟೆಂಬರ್ 24ರಂದು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇವರಿಬ್ಬರೇ 11ನೇ ಸ್ಥಾನಕ್ಕೆ ಬಂದಿದ್ದರು. ಒಲಿಂಪಿಕ್ ರೋಯಿಂಗ್‌ನಲ್ಲಿ ಭಾರತ ಅಷ್ಟು ಮೇಲೆ ಹೋದದ್ದು ಅದೇ ಮೊದಲು. ಅಂದರೆ, ನಾವು ಅತಿ ಹೆಚ್ಚು ಮುಂದೆ ಹೋದ ಬಾಗಿಲೇ ಮುಚ್ಚಿಹೋಯಿತು.

ಇದು ಬರೀ ಒಂದು ಪದಕದ ಲೆಕ್ಕ ಅಲ್ಲ. ಭಾರತದಲ್ಲಿ ಒಬ್ಬ ರೋಯಿಂಗ್ ಪಟು ಹೇಗೆ ತಯಾರಾಗುತ್ತಾನೆ, ಎಷ್ಟು ವರ್ಷ ಆಡುತ್ತಾನೆ, ಎಲ್ಲಿಗೆ ಬಂದು ನಿಲ್ಲುತ್ತಾನೆ ಅನ್ನುವುದನ್ನು ನೋಡಿದರೆ, ಈ ಬದಲಾವಣೆ ಯಾಕೆ ದೊಡ್ಡದು ಅಂತ ಗೊತ್ತಾಗುತ್ತದೆ.

ಮೊದಲು ಆಟದ ಬಗ್ಗೆ ಸ್ವಲ್ಪ. ರೋಯಿಂಗ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಕೇರಳದ ಹಾವಿನ ದೋಣಿ ನೆನಪಾಗುತ್ತದೆ. ಅಲ್ಲಿ ಮುಂದಕ್ಕೆ ಮುಖ ಮಾಡಿ ನೀರು ಬಗೆಯುತ್ತಾರೆ. ಒಲಿಂಪಿಕ್ ರೋಯಿಂಗ್ ಹಾಗಲ್ಲ, ಇಲ್ಲಿ ಗುರಿಗೆ ಬೆನ್ನು ಹಾಕಿ ಕೂರಬೇಕು. ದೂರ 2,000 ಮೀಟರ್, ನೇರ ನೀರು. ಕೈಗೆ ಎರಡು ಹುಟ್ಟು ಇದ್ದರೆ ಅದು ಸ್ಕಲ್ಸ್. ಒಬ್ಬೊಬ್ಬರಿಗೆ ಒಂದೊಂದೇ ದೊಡ್ಡ ಹುಟ್ಟು ಇದ್ದರೆ ಇಬ್ಬರ ಪೇರ್, ನಾಲ್ವರ ಫೋರ್, ಎಂಟು ಜನರ ಏಟ್. ಒಬ್ಬರೇ ಕೂರುವ ದೋಣಿ ಸುಮಾರು ಎಂಟು ಮೀಟರ್ ಉದ್ದ, ತೂಕ 14 ಕಿಲೋ. ಕೂತವನು ಕೈಯಲ್ಲಿನ ಹುಟ್ಟು ಬಿಟ್ಟ ಅಂದರೆ ದೋಣಿ ಮಗುಚಿತು ಅಂತಲೇ ಲೆಕ್ಕ.

ತೋಳಿನ ಬಲದ ಆಟ ಅಂತ ದಡದಲ್ಲಿ ನಿಂತವರಿಗೆ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಕೆಲಸವೆಲ್ಲ ಕಾಲಿನದು. ಸೀಟಿಗೆ ಗಾಲಿ ಇದೆ, ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಶೂ ದೋಣಿಗೇ ಕಚ್ಚಿಕೊಂಡಿರುತ್ತದೆ. ಮಂಡಿ ಎದೆಗೆ ತಾಗುವಷ್ಟು ಮಡಚಿ, ತೋಳು ಉದ್ದಕ್ಕೆ ಚಾಚಿ, ಹುಟ್ಟಿನ ಅಲಗನ್ನು ನೀರಿಗೆ ಬಿಡಬೇಕು. ಆಮೇಲೆ ಕಾಲು ಒದೆಯಬೇಕು, ಬೆನ್ನು ತೆರೆಯಬೇಕು, ಕೊನೆಗೆ ಕೈ ಎಳೆಯಬೇಕು. ಇಷ್ಟಾದರೆ ಒಂದು ಸ್ಟ್ರೋಕ್. ಏಳು ನಿಮಿಷದೊಳಗೆ ಇಂಥವು ಇನ್ನೂರಕ್ಕೂ ಜಾಸ್ತಿ. ಅರ್ಧ ದಾರಿಗೆ ಬರುವಷ್ಟರಲ್ಲಿ ತೊಡೆ ಉರಿಯಲು ಶುರು. ಆಮೇಲಿನ ಸಾವಿರ ಮೀಟರ್ ಅದೇ ಉರಿಯಲ್ಲಿ, ಲಯ ತಪ್ಪದೆ ಹೋಗಬೇಕು. ಒಂದು ಹುಟ್ಟು ಅರ್ಧ ಅಂಗುಲ ಹೆಚ್ಚು ಆಳಕ್ಕೆ ಹೋದರೂ ದೋಣಿ ಆ ಕಡೆ ಎಳೆಯುತ್ತದೆ.

ಈ ಆಟದಲ್ಲಿ ಉದ್ದ ಕೈಕಾಲು ಇದ್ದವನಿಗೆ ಲಾಭ ಹೆಚ್ಚು. ಒಂದೊಂದು ಸ್ಟ್ರೋಕ್ ಕೂಡ ಉದ್ದವಾಗುತ್ತದೆ, ಅಷ್ಟೇ ಸರಳ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಕೂರುವ ಸಿಂಗಲ್ ಸ್ಕಲ್ಸ್ ಚಿನ್ನ ಗೆದ್ದ ಜರ್ಮನಿಯ ಒಲಿವರ್ ಝೈಡ್ಲರ್ ಎತ್ತರ 203 ಸೆಂಟಿಮೀಟರ್. ಅದಕ್ಕೇ ಲೈಟ್‌ವೇಟ್ ಅಂತ ಬೇರೆ ವಿಭಾಗ ಮಾಡಿದ್ದು. ಗಂಡಸರಿಗೆ ಗರಿಷ್ಠ 72.5 ಕಿಲೋ, ಜೋಡಿಯ ಸರಾಸರಿ 70. ಹೆಂಗಸರಿಗೆ 59, ಸರಾಸರಿ 57. ಈ ವಿಭಾಗ 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೆ ಬಂತು. ಸಣ್ಣ ಮೈಕಟ್ಟಿನವರು ಹೆಚ್ಚಿರುವ ಏಷ್ಯಾ, ಲ್ಯಾಟಿನ್ ಅಮೆರಿಕದಂಥ ಕಡೆಗೂ ಆಟ ಹರಡಲಿ ಅನ್ನುವುದು ಉದ್ದೇಶವಾಗಿತ್ತು.

ಉದ್ದೇಶ ಚೆನ್ನಾಗಿತ್ತು, ಫಲ ಬೇರೆ ಬಂತು. ಟೋಕಿಯೊದಲ್ಲಿ ಗಂಡಸರ ಲೈಟ್‌ವೇಟ್ ಡಬಲ್ಸ್‌ನ ಮೂರೂ ಪದಕ ಹೋದದ್ದು ಐರ್ಲೆಂಡ್, ಜರ್ಮನಿ, ಇಟಲಿಗೆ. ಪ್ಯಾರಿಸ್‌ನಲ್ಲಿ ಐರ್ಲೆಂಡ್, ಇಟಲಿ, ಗ್ರೀಸ್. ಎತ್ತರದ ಜನರಿರುವ ದೇಶಗಳೇ ಸ್ವಲ್ಪ ಸಣಕಲು ಹುಡುಗರನ್ನು ಹುಡುಕಿ ಕೂರಿಸಿದವು. ಜೊತೆಗೆ ತೂಕ ಇಳಿಸುವ ಕಾಟ ಬೇರೆ. ಸ್ಪರ್ಧೆಗೆ ಒಂದೆರಡು ಗಂಟೆ ಮುಂಚೆ ತಕ್ಕಡಿ ಹತ್ತಬೇಕಿತ್ತು, ಹಾಗಾಗಿ ನೀರು ಊಟ ಬಿಟ್ಟು ಬೆವರಿಳಿಸುವುದು ಮಾಮೂಲಾಗಿತ್ತು. ಕುಸ್ತಿ, ಬಾಕ್ಸಿಂಗ್‌ನಂಥ ಕಾದಾಟದ ಆಟಗಳು ಮತ್ತು ವೇಟ್‌ಲಿಫ್ಟಿಂಗ್ ಬಿಟ್ಟು ಬೇರೆಲ್ಲೂ ತೂಕದ ವಿಭಾಗ ಬೇಡ ಅನ್ನುವುದು ಒಲಿಂಪಿಕ್ ಸಮಿತಿಯ ನಿಲುವು. ರಿಯೊ ಆದಮೇಲೆ ಲೈಟ್‌ವೇಟ್ ಫೋರ್ ಹೋಗಿತ್ತು. ಈಗ ಉಳಿದಿದ್ದೂ ಹೋಯಿತು. ನಿಜ ಹೇಳಬೇಕೆಂದರೆ ಆ ವಾದ ಪೂರ್ತಿ ತಪ್ಪಲ್ಲ. ನಷ್ಟ ಆಗಿದ್ದು ಮಾತ್ರ ಯಾರಿಗೆ ಅನ್ನುವುದು ಬೇರೆ ಮಾತು.

ನಮ್ಮವರ ದಾರಿ ಹೇಗಿರುತ್ತದೆ ಅನ್ನುವುದಕ್ಕೆ ದತ್ತು ಭೋಕನಾಳ್ ಅವರಿಗಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಹುಟ್ಟಿದ್ದು 1991ರಲ್ಲಿ, ನಾಸಿಕ್ ಜಿಲ್ಲೆ ಚಾಂದ್‌ವಡ್ ತಾಲ್ಲೂಕಿನ ತಳೇಗಾಂವ್ ರೋಹಿಯಲ್ಲಿ. ಬರ ಬೀಳುವ ಊರು, ಕುಡಿಯುವ ನೀರಿಗೇ ತತ್ವಾರ. ಅಪ್ಪ ಬಾವಿ ತೋಡುತ್ತಿದ್ದರು, ಮಗ ಕೈಜೋಡಿಸುತ್ತಿದ್ದ. ಈರುಳ್ಳಿ ಮಾರಿದ್ದಾಯಿತು, ಪೆಟ್ರೋಲ್ ಬಂಕ್‌ನಲ್ಲಿ ರಾತ್ರಿ ಪಾಳಿ ಮಾಡಿದ್ದಾಯಿತು. ಅಪ್ಪ ತೀರಿಕೊಂಡ ಮೇಲೆ ಮನೆಯ ಭಾರ ಹೆಗಲಿಗೆ ಬಿತ್ತು. 2012ರಲ್ಲಿ ಸೇನೆ ಸೇರಿದರು. ಅಲ್ಲಿ ಎತ್ತರ ನೋಡಿ ಕೋಚ್ ಕುದ್ರತ್ ಅಲಿ ದತ್ತು ಅವರನ್ನು ದೋಣಿಗೆ ಹತ್ತಿಸಿದರು. ಆಗ ವಯಸ್ಸು 21 ದಾಟಿತ್ತು. ಅದಕ್ಕೆ ಮುಂಚೆ ಈ ಆಟ ಕಂಡವರೇ ಅಲ್ಲ. ನೀರು ಕಂಡರೆ ಭಯ ಬೇರೆ.

ನಾಲ್ಕೇ ವರ್ಷ. 2016ರಲ್ಲಿ ದಕ್ಷಿಣ ಕೊರಿಯಾದ ಚುಂಗ್‌ಜುವಿನಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದು ರಿಯೊಗೆ ಹೋದರು. ಆ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ರೋಯಿಂಗ್ ಪಟು ಅವರು. ಅತ್ತ ಅಮ್ಮ ಅಪಘಾತಕ್ಕೆ ಸಿಕ್ಕಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಇತ್ತ ಮಗ ಸಿಂಗಲ್ ಸ್ಕಲ್ಸ್‌ನಲ್ಲಿ ಸಿ ಫೈನಲ್ ಗೆದ್ದು 13ನೇ ಸ್ಥಾನ ಹಿಡಿದರು. ಈ ಎ, ಬಿ, ಸಿ ಫೈನಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಪದಕದ ಸ್ಪರ್ಧೆ ಎ ಫೈನಲ್, ಆರು ದೋಣಿ. ಆಮೇಲಿನ ಆರು ದೋಣಿ ಬಿ ಫೈನಲ್‌ನಲ್ಲಿ 7ರಿಂದ 12ನೇ ಸ್ಥಾನಕ್ಕೆ ಸೆಣಸುತ್ತವೆ. ಸಿ ಗೆದ್ದರೆ 13. ದತ್ತು ಅವರ ಸಮಯ 6 ನಿಮಿಷ 54.96 ಸೆಕೆಂಡ್. ಬೇರೆಯಾಗಿ ನಡೆದ ಎ ಫೈನಲ್‌ನಲ್ಲಿ ಚಿನ್ನ ಗೆದ್ದ ನ್ಯೂಜಿಲೆಂಡಿನ ಮಾಹೆ ಡ್ರೈಸ್‌ಡೇಲ್ ಅವರದು 6 ನಿಮಿಷ 41.34. ರೋಯಿಂಗ್‌ನಲ್ಲಿ ಗಾಳಿ ಬದಲಾದರೆ ಸಮಯವೇ ಬದಲಾಗುತ್ತದೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಲಾಗದು. ಆದರೂ ಕಂದರ ಎಷ್ಟು ದೊಡ್ಡದು ಅಂತ ಅಂದಾಜು ಸಿಗುತ್ತದೆ.

2018ರ ಏಷ್ಯನ್ ಗೇಮ್ಸ್ ಕಥೆ ಇನ್ನೂ ವಿಚಿತ್ರ. ಸಿಂಗಲ್ ಸ್ಕಲ್ಸ್ ಫೈನಲ್‌ನಲ್ಲಿ ದತ್ತು ಕೊನೆಯವರಾಗಿ ಬಂದರು. ಮೈ ಸರಿ ಇರಲಿಲ್ಲ. ಮಾರನೇ ದಿನ, ಆಗಸ್ಟ್ 24ಕ್ಕೆ, ಸವರ್ಣ್ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ಅದೇ ಮನುಷ್ಯ ನಾಲ್ವರು ಕೂರುವ ಕ್ವಾಡ್ರುಪಲ್ ಸ್ಕಲ್ಸ್‌ನಲ್ಲಿ ಚಿನ್ನ ಗೆದ್ದರು. 2010ರಲ್ಲಿ ಬಜರಂಗ್ ಲಾಲ್ ತಾಖರ್ ಗ್ವಾಂಗ್‌ಝೌನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮೇಲೆ ಏಷ್ಯನ್ ಗೇಮ್ಸ್ ರೋಯಿಂಗ್‌ನಲ್ಲಿ ಭಾರತಕ್ಕೆ ಸಿಕ್ಕ ಎರಡನೇ ಚಿನ್ನ ಅದು.

ಅಲ್ಲಿಂದ ಇಳಿಜಾರು ಬೇಗ ಬಂತು. ಸ್ಪರ್ಧೆಯೊಂದನ್ನು ಅರ್ಧಕ್ಕೇ ಬಿಟ್ಟರು ಅಂತ 2020ರ ಮಾರ್ಚ್‌ನಲ್ಲಿ ಭಾರತದ ರೋಯಿಂಗ್ ಫೆಡರೇಷನ್ ಎರಡು ವರ್ಷ ನಿಷೇಧ ಹೇರಿತು. ಆ ನಿಷೇಧ ಇನ್ನೂ ಜಾರಿಯಲ್ಲಿರುವಾಗಲೇ ಸರ್ಕಾರ ಅರ್ಜುನ ಪ್ರಶಸ್ತಿ ಕೊಟ್ಟಿತು! 2021ರ ಜನವರಿಯಲ್ಲಿ ನಿಷೇಧ ವಾಪಸಾಯಿತು. ಅಷ್ಟರಲ್ಲಿ ಅವರಿಗೆ ಮೂವತ್ತರ ಹೊಸ್ತಿಲು. ಲೆಕ್ಕ ಹಾಕಿ ನೋಡಿ: ದೋಣಿ ಹತ್ತಿದಲ್ಲಿಂದ ಚಿನ್ನದವರೆಗೆ ಆರು ವರ್ಷ, ಸಿಕ್ಕಿದ್ದು ಒಂದೇ ಒಲಿಂಪಿಕ್ಸ್.

ದತ್ತು ಅವರದು ಅಪರೂಪದ ಕಥೆ ಏನಲ್ಲ, ಅದೇ ವಿಷಯ. ತಾಖರ್ ರಾಜಸ್ಥಾನದ ಸೀಕರ್ ಕಡೆಯವರು, ರಾಜಪುತಾನ ರೈಫಲ್ಸ್. ಸವರ್ಣ್ ಸಿಂಗ್ ಪಂಜಾಬಿನ ಮಾನ್ಸಾದವರು. ಪ್ಯಾರಿಸ್‌ಗೆ ಹೋದ ಬಲರಾಜ್ ಪನ್ವಾರ್ ಹರಿಯಾಣದ ಕರ್ನಾಲ್ ಜಿಲ್ಲೆಯವರು. ಅವರೂ ಸೇನೆ ಸೇರಿದ ಮೇಲೆಯೇ ಈ ಆಟ ಕಂಡವರು, ಪ್ಯಾರಿಸ್‌ನಲ್ಲಿ ಬಂದದ್ದು 23ನೇ ಸ್ಥಾನಕ್ಕೆ. ಎಲ್ಲರೂ ಹೊಲ ಗದ್ದೆಯ ಊರುಗಳಿಂದ ಬಂದವರು, ದೊಡ್ಡ ನೀರು ಕಂಡು ಬೆಳೆದವರಲ್ಲ. ಇವರು ರೋಯಿಂಗ್ ಆರಿಸಿಕೊಂಡದ್ದಲ್ಲ. ಇವರನ್ನು ಆರಿಸಿದ್ದು ಸೇನೆ.

ಸೇನೆ ಇಲ್ಲದಿದ್ದರೆ ಭಾರತದಲ್ಲಿ ರೋಯಿಂಗ್ ಇರುತ್ತಿರಲೇ ಇಲ್ಲ ಅಂದರೂ ತಪ್ಪಾಗದು. ಪುಣೆಯ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆರ್ಮಿ ರೋಯಿಂಗ್ ನೋಡ್ ಅನ್ನುವ ಸೇನೆಯ ತರಬೇತಿ ಕೇಂದ್ರ ಇದೆ. ನೀರು, ದೋಣಿ, ಕೋಚ್, ಊಟ ಎಲ್ಲ ಅಲ್ಲೇ. ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲೂ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹುಟ್ಟು ಹಾಕುತ್ತ ಬಂದಿದ್ದಾರೆ. ಒಂದು ರೇಸಿಂಗ್ ದೋಣಿಗೆ ಹಲವು ಲಕ್ಷ ರೂಪಾಯಿ ಬೇಕು, ಅದೂ ಹೊರದೇಶದಿಂದ ತರಿಸಬೇಕು. ಯಾವ ರೈತನ ಮಗ ಅದನ್ನು ಕೊಂಡಾನು? ಸೇನೆ ಸಂಬಳ ಕೊಡುತ್ತದೆ, ಪದಕ ಬಂದರೆ ಬಡ್ತಿ ಕೊಡುತ್ತದೆ, ಆಟ ಮುಗಿದ ಮೇಲೂ ಕೆಲಸ ಉಳಿಯುತ್ತದೆ. ಸಿಪಾಯಿಗೆ 15 ವರ್ಷ ಸೇವೆ ತುಂಬಿದರೆ ಪಿಂಚಣಿ. ಯುರೋಪಿನ ಎಷ್ಟೋ ರೋಯಿಂಗ್ ಪಟುಗಳಿಗೂ ಇಷ್ಟು ಭದ್ರತೆ ಇಲ್ಲ.

ಹಾಗಾದರೆ ಪದಕ ಯಾಕೆ ಬರುತ್ತಿಲ್ಲ? ತಡವಾಗಿ ಶುರು ಮಾಡುತ್ತಾರೆ, ಅದಕ್ಕೇ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಈ ಉತ್ತರ ಪೂರ್ತಿ ಒಪ್ಪಿಗೆ ಇಲ್ಲ. ಝೈಡ್ಲರ್ 20ರ ವಯಸ್ಸಿನವರೆಗೆ ಈಜುಗಾರ. ದೋಣಿ ಹತ್ತಿದ್ದು 2016ರಲ್ಲಿ, 2019ರಲ್ಲಿ ವಿಶ್ವ ಚಾಂಪಿಯನ್. ಬ್ರಿಟನ್ನಿನ ಹೆಲೆನ್ ಗ್ಲೋವರ್ ರೋಯಿಂಗ್ ಶುರು ಮಾಡಿದ್ದು 2008ರಲ್ಲಿ, ಇಪ್ಪತ್ತು ದಾಟಿದ ಮೇಲೆ. ನಾಲ್ಕೇ ವರ್ಷಕ್ಕೆ ಲಂಡನ್‌ನಲ್ಲಿ ಒಲಿಂಪಿಕ್ ಚಿನ್ನ. ದತ್ತು ಅವರಿಗೂ ಸೇನೆ ಸೇರಿದ ಮೇಲೆ ರಿಯೊಗೆ ಸಿಕ್ಕಿದ್ದು ಅಷ್ಟೇ ನಾಲ್ಕು ವರ್ಷ ಅಲ್ವಾ?

ವ್ಯತ್ಯಾಸ ಇರುವುದು ಬೇರೆ ಕಡೆ. ಝೈಡ್ಲರ್ ದೊಡ್ಡ ಮಟ್ಟದಲ್ಲಿ ಈಜಿದವರು, ಎದೆಯ ದಮ್ಮು ಆಗಲೇ ತಯಾರಿತ್ತು. ಜೊತೆಗೆ ಅಜ್ಜ 1972ರ ಒಲಿಂಪಿಕ್ ರೋಯಿಂಗ್ ಚಿನ್ನ ಗೆದ್ದವರು. ಗ್ಲೋವರ್ ಸಿಕ್ಕಿದ್ದು ಇಡೀ ದೇಶದ ಎತ್ತರದ ಯುವಕ ಯುವತಿಯರಿಗೆ ಕರೆ ಕೊಟ್ಟು ಜರಡಿ ಹಿಡಿದ ಯೋಜನೆಯಲ್ಲಿ. ಅಂದರೆ ಅಲ್ಲಿ ಬಲೆ ದೊಡ್ಡದು. ನಮ್ಮದು ಸೇನಾ ನೇಮಕಾತಿ ಎಷ್ಟು ಅಗಲವೋ ಅಷ್ಟೇ ಅಗಲ. ಆರಡಿ ಎತ್ತರದ ಹುಡುಗ ಸೇನೆಗೆ ಬಾರದೆ ಬ್ಯಾಂಕಿಗೋ ಐಟಿ ಕಂಪನಿಗೋ ಹೋದ ಅಂದರೆ ಅವನು ರೋಯಿಂಗ್‌ಗೆ ಇಲ್ಲ. ಆರಡಿ ಎತ್ತರದ ಹುಡುಗಿಯಂತೂ ಲೆಕ್ಕಕ್ಕೇ ಇಲ್ಲ.

ಹುಡುಗಿಯರ ವಿಷಯ ಇಲ್ಲಿ ಅಡಿಟಿಪ್ಪಣಿ ಅಲ್ಲ. ಇಂದರ್‌ಪಾಲ್ ಸಿಂಗ್ ಮತ್ತು ಕಾಸಂ ಖಾನ್ 2000ದಲ್ಲಿ ಸಿಡ್ನಿಗೆ ಹೋದರು, ನಮ್ಮ ಮೊದಲ ಒಲಿಂಪಿಕ್ ರೋಯಿಂಗ್ ಜೋಡಿ ಅದು. ಅಲ್ಲಿಂದ ಪ್ಯಾರಿಸ್‌ವರೆಗೆ ಭಾರತದಿಂದ ರೋಯಿಂಗ್‌ಗೆ ಹೋದವರೆಲ್ಲ ಗಂಡಸರೇ. ಹಾಂಗ್‌ಝೌನ ಐದು ಪದಕವೂ ಗಂಡಸರದೇ. ಸೇನೆಯಲ್ಲಿ ಹೆಣ್ಣುಮಕ್ಕಳನ್ನು ಸಿಪಾಯಿ ಹಂತಕ್ಕೆ ತೆಗೆದುಕೊಳ್ಳಲು ಶುರುವಾದದ್ದೇ ಈಚೆಗೆ. ಆಲಪ್ಪುಳ ಮತ್ತು ಕಟಕ್ ಬಳಿಯ ಜಗತ್‌ಪುರದಲ್ಲಿರುವ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಂಥವೇ ಅವರಿಗೆ ದಾರಿ. ಆ ಸಣ್ಣ ದಾರಿಯಲ್ಲೂ ಒಡಿಶಾದ ಪ್ರತಿಮಾ ಪುಹಾನ, ಪ್ರಮೀಳಾ ಪ್ರವ ಮಿಂಜ್ 2010ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದರು. ಮಿಕ್ಕವರಿಗೆ ಆಟ ಬಿಟ್ಟರೆ ಕೆಲಸ ಏನು ಅನ್ನುವ ಪ್ರಶ್ನೆಯೇ ದೊಡ್ಡದು.

ಈಗ ಅಗ್ನಿಪಥ. 2022ರಿಂದ ಸಿಪಾಯಿ ಹಂತದ ನೇಮಕಾತಿ ನಾಲ್ಕು ವರ್ಷಕ್ಕೆ, ಆಮೇಲೆ ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಕಾಯಂ. ಪದಕ ಇರುವ ಆಟಗಾರರನ್ನು ಹವಾಲ್ದಾರ್, ನಾಯಬ್ ಸುಬೇದಾರ್ ಆಗಿ ನೇರ ತೆಗೆದುಕೊಳ್ಳುವ ದಾರಿ ಬೇರೆ ಇದೆ. ಆದರೆ ಆ ದಾರಿಗೆ ಪದಕ ಮೊದಲೇ ಕೈಯಲ್ಲಿರಬೇಕು. 2012ರ ದತ್ತು ಬಳಿ ಏನಿತ್ತು? ಎತ್ತರ, ಬಾವಿ ತೋಡಿದ ತೋಳು, ಅಷ್ಟೇ. ಇವತ್ತಿನ ನಿಯಮದಲ್ಲಿ ಅಂಥವನು ಅಗ್ನಿವೀರನಾಗಿ ಬರಬೇಕು. ತರಬೇತಿ ಮುಗಿಸಿ, ಯಾರಾದರೂ ಕೋಚ್ ಕಣ್ಣಿಗೆ ಬಿದ್ದು, ದೋಣಿ ಹತ್ತಿ, ಮೈ ಹದಕ್ಕೆ ಬರುವಷ್ಟರಲ್ಲಿ ನಾಲ್ಕು ವರ್ಷ ತುಂಬಿರುತ್ತದೆ. ಒಳ್ಳೆ ಆಟಗಾರನನ್ನು ಸೇನೆ ಉಳಿಸಿಕೊಳ್ಳಬಹುದು. ಆದರೆ ಇನ್ನೂ ಒಳ್ಳೆಯವನಾಗದ, ಮುಂದೆ ಆಗಬಹುದಾದವನನ್ನು ಯಾವ ಲೆಕ್ಕದಲ್ಲಿ ಉಳಿಸಿಕೊಳ್ಳುವುದು? ರೋಯಿಂಗ್‌ನಲ್ಲಿ ಇಂಥವರೇ ಜಾಸ್ತಿ.

ಲೈಟ್‌ವೇಟ್ ಹೋದದ್ದು ಈ ಹುಡುಗರಿಗೇ ಹೆಚ್ಚು ತಾಗುತ್ತದೆ. ನೇಮಕಾತಿಯಲ್ಲಿ ಐದು ಅಡಿ ಹತ್ತು, ಹನ್ನೊಂದು ಇಂಚಿನ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಸರಾಸರಿ 70 ಕಿಲೋ ಆಳುಗಳ ಲೈಟ್‌ವೇಟ್ ದೋಣಿಗೆ ಅವರು ಸರಿಹೋಗುತ್ತಿದ್ದರು. ಇನ್ನು ಅವರೂ ಝೈಡ್ಲರ್ ಎದುರಿಗೇ ಕೂರಬೇಕು.

ಬದಲಿಗೆ ಬಂದಿರುವ ಬೀಚ್ ಸ್ಪ್ರಿಂಟ್ ಹೇಗಿದೆ ನೋಡೋಣ. ಇಬ್ಬರೇ ಎದುರಾಳಿಗಳು, ಸೋತವರು ಮನೆಗೆ. ಮರಳಿನ ಮೇಲೆ ಓಡಿಕೊಂಡು ಹೋಗಿ, ನೀರಿನಲ್ಲಿ ಸಹಾಯಕರು ಹಿಡಿದು ನಿಂತಿರುವ ದೋಣಿಗೆ ಹಾರಬೇಕು. ಅಲೆ ಸೀಳಿಕೊಂಡು, ನೀರಿನಲ್ಲಿ ತೇಲುವ ಗುರುತುಗಳಾದ ಬೋಯೆಗಳ ನಡುವೆ ಹಾವಿನಂತೆ ಬಳಸಿ 250 ಮೀಟರ್ ಆಚೆ ಹೋಗಬೇಕು. ಕೊನೆಯ ಬೋಯೆ ಸುತ್ತಿ ನೇರ ದಡಕ್ಕೆ. ದೋಣಿಯಿಂದ ಧುಮುಕಿ, ಮತ್ತೆ ಓಡಿ, ಗುಂಡಿ ಒತ್ತಬೇಕು. ಎಲ್ಲ ಸೇರಿ ಮೂರು ನಿಮಿಷದೊಳಗಿನ ಕೆಲಸ. ದೋಣಿ ಅಗಲ, ಗಟ್ಟಿ. ಒಬ್ಬರ ದೋಣಿಯೇ 35 ಕಿಲೋ. ಹಳೆಯ ದೋಣಿ ಓಟದ ಸೈಕಲ್ ಆದರೆ ಇದು ಹಾಲಿನವನ ಸೈಕಲ್ ಅನ್ನಬಹುದು, ಎಲ್ಲಿ ಬೇಕಾದರೂ ನಡೆಯುತ್ತದೆ. ಎರಡು ಕಿಲೋಮೀಟರ್ ನೇರ ನೀರಿನ ಟ್ರ್ಯಾಕ್ ಕಟ್ಟುವ ಕೋಟಿಗಟ್ಟಲೆ ಖರ್ಚೂ ಇಲ್ಲ.

ಲಾಸ್ ಏಂಜಲಿಸ್‌ನಲ್ಲಿ ಹಳೆಯ ಬಗೆಯ ರೋಯಿಂಗೂ ಬದಲಾಗುತ್ತಿದೆ. ಲಾಂಗ್ ಬೀಚ್‌ನ ಮರೀನ್ ಸ್ಟೇಡಿಯಂನಲ್ಲಿ 1932ರ ಒಲಿಂಪಿಕ್ಸ್‌ನ ರೋಯಿಂಗ್ ನಡೆದಿತ್ತು. ಆಮೇಲೆ ಅಲ್ಲೊಂದು ಸೇತುವೆ ಬಂತು, ಹಾಗಾಗಿ ಈ ಸಲ 1,500 ಮೀಟರ್ ಮಾತ್ರ. ಒಟ್ಟು 15 ಸ್ಪರ್ಧೆಗಳಲ್ಲಿ 12 ಹಳೆಯವು, 3 ಬೀಚ್ ಸ್ಪ್ರಿಂಟ್: ಗಂಡಸರ ಸೋಲೊ, ಹೆಂಗಸರ ಸೋಲೊ, ಮಿಶ್ರ ಡಬಲ್ಸ್.

ನಮಗಿದು ಅವಕಾಶವೋ ಸಂಕಟವೋ? ಬರೀ ಎತ್ತರ ಇಲ್ಲಿ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಓಟ, ನೆಗೆತ, ಅಲೆ ಓದುವ ಕಣ್ಣು, ತಿರುವಿನ ಜಾಣ್ಮೆ ಎಲ್ಲಕ್ಕೂ ಬೆಲೆ ಇದೆ. ಅಲೆ ಓದುವವರು ನಮ್ಮ ಕರಾವಳಿಯಲ್ಲಿ ಇದ್ದಾರೆ. ಉಡುಪಿ, ಉತ್ತರ ಕನ್ನಡದ ಕೈರಂಪಣಿ ಮೀನುಗಾರಿಕೆ ನೋಡಿದವರಿಗೆ ಇದು ಗೊತ್ತು. ದಡದಿಂದ ದೋಣಿ ನೂಕಿ, ಅಲೆ ದಾಟಿ, ಬಲೆ ಬಿಡುತ್ತ ಬಳಸಿಕೊಂಡು ಮತ್ತೆ ದಡಕ್ಕೆ ಬರುತ್ತಾರೆ. ಯಾವ ಅಲೆ ಬಿಡಬೇಕು, ಯಾವುದರ ಬೆನ್ನು ಹತ್ತಬೇಕು ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಇಷ್ಟಕ್ಕೇ ಮಲ್ಪೆಯಿಂದ ಒಲಿಂಪಿಕ್ ಪದಕ ಬಂತು ಅಂತ ಕುಣಿಯುವ ಹಾಗಿಲ್ಲ. ನಾಡದೋಣಿಗೂ ಈಗ ಎಂಜಿನ್ ಬಂದಿದೆ, ಹುಟ್ಟು ಹಾಕುವ ಹೊಸ ಹುಡುಗರು ಕಮ್ಮಿ. ಹಾಕಿದರೂ ಜಾರುವ ಸೀಟು, ಎರಡು ಹುಟ್ಟಿನ ಲಯ ಬೇರೆಯದೇ ವಿದ್ಯೆ. ಅದನ್ನು ಕಲಿಯಲು ಎರಡು ಮೂರು ವರ್ಷ ಬೇಕೇ ಬೇಕು. ಕೋಸ್ಟಲ್ ದೋಣಿಗಳು, ಅಂದರೆ ಆ ಅಗಲದ ಕಡಲ ದೋಣಿಗಳು ಬೇಕು, ಕೋಚ್ ಬೇಕು. ಇದೆಲ್ಲ ಪುಣೆಯ ನಿಂತ ನೀರಿನಲ್ಲಿ ಕೂತು ಆಗುವ ಕೆಲಸವಲ್ಲ. ಹಳೆಯ ಲೈಟ್‌ವೇಟ್ ಹುಡುಗರನ್ನೇ ಸಮುದ್ರಕ್ಕೆ ಕಳಿಸುವುದು ಸುಲಭದ ದಾರಿ, ಫೆಡರೇಷನ್ ಮೊದಲು ಹಿಡಿಯುವುದೂ ಅದನ್ನೇ ಅನ್ನುವುದು ನನ್ನ ಅಂದಾಜು. ಅವರಿಗೆ ದಮ್ಮಿದೆ, ಲಯವಿದೆ, ಅಲೆ ಗೊತ್ತಿಲ್ಲ. ಕರಾವಳಿಯ ಹುಡುಗರಿಗೆ ಅಲೆ ಗೊತ್ತು, ಮಿಕ್ಕಿದ್ದು ಗೊತ್ತಿಲ್ಲ. ಇಬ್ಬರನ್ನೂ ಒಂದೇ ತೀರದಲ್ಲಿ ಎರಡು ವರ್ಷ ಇಟ್ಟು ನೋಡಬೇಕು. ಕಾರವಾರದಲ್ಲಿ ನೌಕಾಪಡೆಯ ದೊಡ್ಡ ನೆಲೆಯೇ ಇದೆ, ಸೈನ್ಯದ ಕೆಲಸದ ಭದ್ರತೆಯೂ ಸಮುದ್ರವೂ ಒಂದೇ ಕಡೆ ಸಿಗುವ ಜಾಗ ಅದು.

ಮೂರನೇ ಸ್ಪರ್ಧೆಯನ್ನೂ ಮರೆಯುವ ಹಾಗಿಲ್ಲ. ಮಿಶ್ರ ಡಬಲ್ಸ್ ದೋಣಿಗೆ ಒಬ್ಬ ಗಂಡು, ಒಬ್ಬ ಹೆಣ್ಣು ಬೇಕು. ಇಲ್ಲಿಯವರೆಗೆ ಫೆಡರೇಷನ್ ಸೇನೆಯ ಬ್ಯಾರಕ್ಕಿಗೆ ಹೋಗಿ ತಂಡ ಕಟ್ಟಿಕೊಂಡು ಬರುತ್ತಿತ್ತು. ಈ ದೋಣಿಯ ಅರ್ಧ ಸೀಟು ಅಲ್ಲಿ ಸಿಗುವುದು ಕಷ್ಟ. ಆಲಪ್ಪುಳದಲ್ಲೋ ಜಗತ್‌ಪುರದಲ್ಲೋ ಈಗ ಎರ್ಗೋಮೀಟರ್ ಅನ್ನುವ ರೋಯಿಂಗ್ ಯಂತ್ರ ಎಳೆಯುತ್ತಿರುವ ಹುಡುಗಿಗೆ ಒಂದು ಕಾಯಂ ಕೆಲಸ, ಒಂದು ಕೋಸ್ಟಲ್ ದೋಣಿ, ವರ್ಷಕ್ಕೆ ಕೆಲವು ಅಂತರರಾಷ್ಟ್ರೀಯ ಸ್ಪರ್ಧೆ. ಇಷ್ಟನ್ನು ಈ ವರ್ಷವೇ ಕೊಡದಿದ್ದರೆ 2028ರ ಅರ್ಹತಾ ಸುತ್ತಿಗೆ ಆ ದೋಣಿಯನ್ನು ಇಳಿಸುವುದಕ್ಕೇ ಆಗುವುದಿಲ್ಲ.